ತಣ್ಣೀರಿನ ಕಾಫಿ

ಕಾಕನ ಎಡಗೈ ಮಣಿಕಟ್ಟು ಬಲಗೈಯದಕ್ಕಿಂತ ದಪ್ಪವಾಗಿತ್ತು. ಅಂಗಿಯ ತೋಳು ಮಡಚಿಕೊಂಡು ಕಂಪೌಂಡ್ ಗೋಡೆಯ ಆಚೆ ನಿಂತರೆ, ಇಬ್ಬರು ಮನುಷ್ಯರ ಕೈಗಳನ್ನು ಒಬ್ಬರಿಗೆ ಜೋಡಿಸಿದ ಹಾಗೆ ಕಾಣುತ್ತಿತ್ತು. ಗಲ್ಫಿನ ಒಬ್ಬ ದೊಡ್ಡ ವ್ಯಾಪಾರಿಯ ಮನೆಯಲ್ಲಿ, ಅತಿಥಿಗಳು ಕೂರುವ ಕೋಣೆಯಲ್ಲಿ, ಇಪ್ಪತ್ತಾರು ವರ್ಷ ಹಿತ್ತಾಳೆಯ ಕಾಫಿ ಹೂಜಿಯನ್ನು ಎತ್ತಿ ಹಿಡಿದ ಕೈ ಅದು. ಅಲ್ಲಿಯ ಕ್ರಮದಲ್ಲಿ ಹೂಜಿ ಎಡಗೈಯಲ್ಲಿರಬೇಕು, ಹಿಡಿಯಿಲ್ಲದ ಸಣ್ಣ ಬಟ್ಟಲುಗಳು ಬಲಗೈಯಲ್ಲಿ. ಅತಿಥಿ ಸಾಕು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟಲನ್ನು ಸ್ವಲ್ಪ ಅಲ್ಲಾಡಿಸುತ್ತಾನೆ. ಅಷ್ಟಾದರೆ ಮುಂದಿನವರ ಬಳಿಗೆ ಹೋಗಬೇಕು.

ಸುಳ್ಯದಲ್ಲಿ ನಾವು ಬಾಡಿಗೆಗಿದ್ದ ಮನೆಯ ಪಕ್ಕದ ಮನೆ ಅವರದ್ದು. ನಾನು ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು. ಎಲ್ಲರ ಹಾಗೆ ನಾನೂ ಅವರನ್ನು ಕಾಕ ಎನ್ನುತ್ತಿದ್ದೆ, ಅವರಿಗೆ ನಾನು ಟೀಚರು. ಅವರ ಹೆಂಡತಿಯನ್ನು ಮಾತ್ರ ಅಕ್ಕ ಎಂದು ಕರೆಯುವ ಅಭ್ಯಾಸ ಹೇಗೋ ಮೊದಲ ದಿನವೇ ಆಗಿಬಿಟ್ಟಿತ್ತು. ಕಾಕನಿಗೂ ಅಕ್ಕನಿಗೂ ಸಂಬಂಧ ಹೊಂದುವುದಿಲ್ಲ ಎಂದು ನನ್ನ ಗಂಡ ನಗುವುದಿತ್ತು. ಒಬ್ಬಳೇ ಮಗಳನ್ನು ಕಡಬಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಮನೆಯಲ್ಲಿ ಇಬ್ಬರೇ.

ಕಾಕ ನಡೆದರೆ ಸದ್ದಾಗುತ್ತಿರಲಿಲ್ಲ. ದಪ್ಪ ಜಮಖಾನೆಯ ಮೇಲೆ ಅಷ್ಟು ವರ್ಷ ನಡೆದ ಕಾಲು. ನಾನು ಅಡಿಗೆಮನೆಯಲ್ಲಿ ತಿರುಗಿ ನೋಡುವಾಗ ಹಿತ್ತಿಲ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿರುತ್ತಿದ್ದರು. ತಟ್ಟೆಯಲ್ಲಿ ಕಾಫಿ. ನಮ್ಮಲ್ಲಿ ಬಂದರೂ ಅವರು ಕೂರುತ್ತಿರಲಿಲ್ಲ. ನಾವು ಕುಡಿದು ಮುಗಿಸುವ ತನಕ ಗೋಡೆಗೆ ಒರಗದೆ, ಕೈ ಮುಂದೆ ಕಟ್ಟಿಕೊಂಡು ನಿಂತೇ ಇರುವುದು. ಕೂರಿ ಎಂದು ನನ್ನ ಗಂಡ ನೂರು ಸಲ ಹೇಳಿದ್ದಾರೆ. ಅಭ್ಯಾಸ ಇಲ್ಲ ಎನ್ನುತ್ತಿದ್ದರು, ಸಂಕೋಚದಿಂದ.

ಕಾಫಿಯ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಕಡಿಮೆ. ಆ ವ್ಯಾಪಾರಿಯ ಮನೆಗೆ ಯೆಮನಿನ ಬೀಜ ಬರುತ್ತಿತ್ತಂತೆ, ಇಥಿಯೋಪಿಯದ್ದು, ಬ್ರೆಜಿಲಿನದ್ದು. ಒಂದನ್ನು ಹಳದಿ ತಿರುಗುವಷ್ಟೇ ಹುರಿದು ಏಲಕ್ಕಿ ಹಾಕಿ ಕುದಿಸಬೇಕು, ಇನ್ನೊಂದನ್ನು ಮೈದಾದ ಹಾಗೆ ಬೀಸಿ ಸಣ್ಣ ಉರಿಯಲ್ಲಿ ನೊರೆ ಏಳಿಸಬೇಕು, ಮತ್ತೊಂದಕ್ಕೆ ಕುದಿಯುವ ನೀರು ತಾಗಿದರೆ ಕೆಟ್ಟೇ ಹೋಯಿತು. ಊರಿಗೆ ಬಂದ ಮೇಲೆ ಮಡಿಕೇರಿ ಕಡೆಯ ಅರೇಬಿಕ, ಅರಂತೋಡು ಕಡೆಯ ರೋಬಸ್ಟ, ಯಾರು ಎಂತದು ಕೊಟ್ಟರೂ ಕಾಲು ಕಿಲೋ ತಂದು ಪರೀಕ್ಷೆ ಮಾಡುತ್ತಿದ್ದರು. ಸ್ಟೀಲಿನ ಫಿಲ್ಟರಿನಲ್ಲಿ ಒಮ್ಮೆ, ಬಟ್ಟೆಯಲ್ಲಿ ಸೋಸಿ ಒಮ್ಮೆ, ಗಾಜಿನ ಜಾಡಿಯಲ್ಲಿ ನೆನೆಸಿ ಒಮ್ಮೆ. ಮೊಬೈಲಿನಲ್ಲಿ ಯಾರೋ ಹುಡುಗರು ಗ್ರಾಮ್ ಲೆಕ್ಕದಲ್ಲಿ ಪುಡಿ ತೂಗುವ ವಿಡಿಯೋ ನೋಡಿ ನಗಾಡಿದ್ದರು. ಮರುವಾರ ನಮ್ಮ ಅಡಿಗೆಮನೆಯ ಪುಟ್ಟ ತಕ್ಕಡಿ ಅವರ ಮನೆಗೆ ಹೋಯಿತು.

"ಬೀಜ ಹೇಳಿದ ಹಾಗೆ ನಾವು ಕೇಳ್ಬೇಕು ಟೀಚರೇ. ನಾವು ಹೇಳಿದ ಹಾಗೆ ಬೀಜ ಕೇಳುದಿಲ್ಲ" ಎಂಬುದು ಅವರ ಮಾತು. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಬೇರೆ ಬೇರೆ ವಿಷಯಕ್ಕೆ ಬಳಸಿದ್ದೇನೆ, ನನ್ನದೇ ಎನ್ನುವ ಹಾಗೆ.

ಈ ಎಲ್ಲ ಕಾಫಿ ನಮಗೆ, ಎದುರು ಮನೆಯ ಅಂಚೆಯವರಿಗೆ, ಮಸೀದಿಯಿಂದ ಜೊತೆಗೆ ಬಂದವರಿಗೆ. ಅಕ್ಕನಿಗಲ್ಲ. ಬ್ಯಾರಿಗಳ ಮನೆ, ಅಲ್ಲಿ ಚಾಯ ಕುಡಿಯುವುದು. ಅಕ್ಕನೂ ಬೆಳಿಗ್ಗೆ ಎರಡು ಲೋಟ ಚಾಯ ಕುಡಿದು ಕೆಲಸ ಶುರು ಮಾಡುವವರು. ಕಾಕ ತಟ್ಟೆ ಹಿಡಿದು ಅಂಗಳ ದಾಟುವುದನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರದಿಂದ ನೋಡಿ ಸುಮ್ಮನಿರುತ್ತಿದ್ದರು.

ಕಾಕ ಊರಿಗೆ ಬಂದು ನಾಲ್ಕನೆಯ ವರ್ಷ ಅಕ್ಕನ ಎದೆಯಲ್ಲಿ ಗಂಟು ಕಂಡಿತು. ಪುತ್ತೂರಿನ ಡಾಕ್ಟರು ನೋಡಿ ಮಂಗಳೂರಿಗೆ ಕಳಿಸಿದರು. ಆಪರೇಷನ್ ಆಯಿತು, ಆಮೇಲೆ ಕೀಮೋ. ಮೂರು ವಾರಕ್ಕೊಮ್ಮೆ ಬೆಳಿಗ್ಗೆ ಹೊರಟು ಹೋಗಿ ಮರುದಿನ ಬರುತ್ತಿದ್ದರು. ಎರಡನೆಯ ಸಲ ಹೋಗಿ ಬಂದ ಮೇಲೆ ಅಕ್ಕನಿಗೆ ರುಚಿ ಕೆಟ್ಟಿತು. ಗಂಜಿ ಬಾಯಿಗಿಟ್ಟರೂ ಕಬ್ಬಿಣ, ಹಾಲು ಕುಡಿದರೂ ಕಬ್ಬಿಣ. ತುಕ್ಕು ಹಿಡಿದ ಬೀಗದ ಕೈ ಚೀಪಿದ ಹಾಗೆ ಆಗುತ್ತದೆ ಎಂದು ನನ್ನಲ್ಲಿ ಹೇಳಿದರು. ಬಿಸಿ ಅನ್ನದ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಚಾಯದ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದರು. ನೋಡನೋಡುತ್ತ ಬಳೆಗಳು ಮೊಣಕೈ ತನಕ ಜಾರತೊಡಗಿದವು. ಯಾವುದು ಇಳಿಯುತ್ತದೋ ಅದನ್ನು ಕೊಡಿ, ಒಟ್ಟು ಏನಾದರೂ ಹೋಗಲಿ ಎಂದರಂತೆ ಡಾಕ್ಟರು.

ಒಂದು ಬೆಳಿಗ್ಗೆ ಜಗಲಿಯಲ್ಲಿ ಮಲಗಿದ್ದ ಅಕ್ಕ, ಒಂದು ಲೋಟ ಕಾಫಿ ಆಗುತ್ತಿತ್ತು ಎಂದರು. ನಾನು ಶಾಲೆಗೆ ಹೋಗುವ ಮೊದಲು ನೋಡಿ ಹೋಗಲು ಬಂದಿದ್ದೆ. ಕಾಕ ಮದ್ದಿನ ಚೀಟಿ ನೋಡುತ್ತಿದ್ದವರು ತಲೆ ಎತ್ತಿದರು. ಅವರಿಬ್ಬರೂ ಬ್ಯಾರಿ ಭಾಷೆಯಲ್ಲಿ ಮಾತಾಡುವುದು, ನನಗೆ ಅರ್ಥವಾಗುತ್ತದೆ. ನಿನಗೆ ಕಾಫಿಯಾ ಎಂದು ಅವರು ಕೇಳಿದರು. ಅಕ್ಕ ನಿಧಾನವಾಗಿ ಹೇಳಿದರು. ಅವರ ತವರು ಅರಂತೋಡಿನಲ್ಲಿ ರಸ್ತೆಬದಿಯಲ್ಲಿ. ತಂದೆಯ ಅಂಗಡಿಯ ಹಿಂದೆ ಹತ್ತು ಕಾಫಿ ಗಿಡ ಇದ್ದವು. ಅವರ ಉಮ್ಮ, ಅಂದರೆ ತಾಯಿ, ಹಣ್ಣನ್ನು ಸಿಪ್ಪೆ ಸಮೇತ ಚಾಪೆಯಲ್ಲಿ ಒಣಗಿಸಿ, ಕುಟ್ಟಿ, ಮಣ್ಣಿನ ಓಡಿನಲ್ಲಿ ಹುರಿದು, ಬೆಲ್ಲ ಹಾಕಿ ಕುದಿಸಿ ಕೊಡುತ್ತಿದ್ದರು. ಮದುವೆಯಾಗಿ ಬರುವ ತನಕ ಅಕ್ಕ ಕುಡಿದದ್ದು ಅದನ್ನೇ. ಇಲ್ಲಿ ಬಂದಾಗ ಎಲ್ಲರಿಗೂ ಚಾಯ ಮಾಡುತ್ತಿದ್ದರು, ಅಕ್ಕನಿಗೂ ಚಾಯ ಸಿಕ್ಕಿತು.

"ನೀನು ಹೇಳಲೇ ಇಲ್ಲ" ಎಂದರು ಕಾಕ.

"ನೀವು ಕೇಳಲಿಲ್ಲ" ಎಂದರು ಅಕ್ಕ. ದೂರಿನ ದನಿ ಇರಲಿಲ್ಲ. ಇದ್ದದ್ದನ್ನು ಹೇಳಿದರು.

ಕಾಕ ಎದ್ದು ಒಳಗೆ ಹೋದರು. ರಜೆಗೆ ಬರುವಾಗಲೆಲ್ಲ ಹಾಲಿನ ಪುಡಿ, ಅತ್ತರು, ಕಂಬಳಿ, ಖರ್ಜೂರ ತಂದವರು. ಲೋಕದ ಬೀಜವೆಲ್ಲ ಕೈಯಲ್ಲಿದ್ದೂ ಒಂದು ಹಿಡಿ ಕಾಫಿ ಮನೆಗೆ ತಂದಿರಲಿಲ್ಲ. ಮನೆಯಲ್ಲಿ ಯಾರೂ ಕುಡಿಯುವುದಿಲ್ಲವಲ್ಲ ಎಂದುಕೊಂಡು.

ಅಂದು ಸಂಜೆ ನಾನು ನನ್ನ ಗಂಡನನ್ನು ಕೇಳಿದೆ, ನಿಮಗೆ ನಿಜವಾಗಿ ಕಾಫಿ ಇಷ್ಟವೋ ಚಾಯವೋ ಎಂದು. ಅವರು ಸಂಶಯದಿಂದ ನನ್ನನ್ನೇ ನೋಡಿ, "ಎಂತ ಉಂಟೋ ಅದೇ ಆಗ್ತದೆ" ಎಂದರು.

ಕಾಕ ಮರುದಿನವೇ ಶುರು ಮಾಡಿದರು. ಮೊದಲು ಅಂಗಡಿಯ ಚಿಕೋರಿ ಬೆರೆಸಿದ ಪುಡಿ, ಸ್ಟೀಲಿನ ಫಿಲ್ಟರು, ಹಾಲು. ಅಕ್ಕ ಒಂದು ಗುಟುಕು ಬಾಯಿಗಿಟ್ಟು ಉಗಿದರು. ಮತ್ತೆ ಅದೇ ಕಬ್ಬಿಣ. ಕಾಕ ಆವತ್ತಿನಿಂದ ಸ್ಟೀಲನ್ನೇ ಬಿಟ್ಟರು. ಗಾಜಿನ ಲೋಟ, ಬಟ್ಟೆಯ ಸೋಸಣಿಗೆ, ಮರದ ಚಮಚ. ತಮಗೆ ಅತಿ ಚೆನ್ನಾಗಿ ಬರುವ ಏಲಕ್ಕಿ ಕಾಫಿ ಮಾಡಿದರು. ಏಲಕ್ಕಿಯ ವಾಸನೆಗೇ ಅಕ್ಕ ವಾಂತಿ ಮಾಡಿಕೊಂಡರು. ಬಸ್ಸು ಹತ್ತಿ ಅರಂತೋಡಿಗೆ ಹೋಗಿ, ಈಗ ಅಕ್ಕನ ಅಣ್ಣ ನೋಡಿಕೊಳ್ಳುವ ಆ ಗಿಡಗಳ ಒಣಗಿದ ಕಾಯಿ ತಂದರು. ಅಂಥದೇ ಮಣ್ಣಿನ ಓಡಿನಲ್ಲಿ ಕಪ್ಪಗೆ ಹುರಿದು ಬೆಲ್ಲ ಹಾಕಿ ಕುದಿಸಿದರು. ಕಹಿ, ಅದರ ಮೇಲೆ ಕಬ್ಬಿಣ. ಅಕ್ಕ ಅದನ್ನು ಉಗಿಯಲಿಲ್ಲ. ತವರಿನದ್ದಲ್ಲವಾ, ಕಷ್ಟಪಟ್ಟು ನುಂಗಿದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಅಂದು ಕಾಕನ ಮುಖ ನೋಡಲಾಗುತ್ತಿರಲಿಲ್ಲ.

ಮಡಿಕೇರಿ ಕಡೆಯ ಅರೇಬಿಕ ತಂದರು. ತಿಳಿಯಾಗಿ ಹುರಿದರು, ಹೆಚ್ಚು ಹುರಿದರು. ನುಣ್ಣಗೆ ಬೀಸಿದರು, ತರಿಯಾಗಿ ಬೀಸಿದರು. ಪ್ರತಿಯೊಂದನ್ನೂ ಮೊದಲು ನನಗೆ ತಂದು ಕುಡಿಸುತ್ತಿದ್ದರು. ಕಹಿ ಎಷ್ಟು, ಹುಳಿ ಎಷ್ಟು, ನುಂಗಿದ ಮೇಲೆ ಬಾಯಲ್ಲಿ ಎಂತ ಉಳಿಯುತ್ತದೆ, ನಾನು ಹೇಳಬೇಕು. ಆಮೇಲೆ ಅಕ್ಕನ ಹತ್ತಿರ ಹೋಗಿ, ಲೋಟ ಕೊಟ್ಟು, ಬಗ್ಗಿ ನಿಂತು ಅವರ ಮುಖವನ್ನೇ ನೋಡುತ್ತ ಕೇಳುವುದು: ಹೇಗುಂಟು? ಅಕ್ಕ ತಲೆ ಅಲ್ಲಾಡಿಸುವುದು. ಸರಿ, ನಾಳೆ ನೋಡುವ ಎಂದು ಇವರು ಲೋಟ ತೊಳೆಯಲು ಹೋಗುವುದು. ಹೀಗೆ ಹದಿನೈದು ಇಪ್ಪತ್ತು ದಿನ.

ನಾನು ತಪ್ಪು ಮಾಡಿದ್ದು ಆಗ. ಪರೀಕ್ಷೆಯ ಸಮಯ, ಮೌಲ್ಯಮಾಪನದ ಕಟ್ಟು ಎದುರಿಗೆ. ಅವರು ತಟ್ಟೆ ಹಿಡಿದು ಬಂದರು. ಇವತ್ತು ನೀರಿನ ಬಿಸಿ ಕಡಿಮೆ ಮಾಡಿದ್ದೇನೆ, ಒಮ್ಮೆ ನೋಡಿ ಎಂದರು. ನನಗೆ ಸಿಟ್ಟು ಬಂದದ್ದಲ್ಲ. ಆದರೆ ಗೊತ್ತಿರುವವಳ ದನಿಯಲ್ಲಿ ಹೇಳಿದೆ: "ಕಾಕ, ತೊಂದರೆ ಕಾಫಿಯಲ್ಲಿ ಇಲ್ಲ. ಮದ್ದಿಗೆ ಅಕ್ಕನ ನಾಲಗೆ ಹಾಗಾಗಿದೆ. ನೀವು ಯಾವ ಬೀಜ ತಂದು ಹೇಗೆ ಮಾಡಿದರೂ ಅದು ಕಬ್ಬಿಣವೇ. ಸುಮ್ಮನೆ ಯಾಕೆ ಅವರಿಗೂ ಹಿಂಸೆ?"

ಅವರು "ಹೌದಾ" ಎಂದರು. ನಾನು ಕುಡಿಯದ ಲೋಟವನ್ನು ತಟ್ಟೆಯಲ್ಲಿಟ್ಟುಕೊಂಡು ಅದೇ ಸದ್ದಿಲ್ಲದ ಹೆಜ್ಜೆಯಲ್ಲಿ ಹೋದರು.

ಐದು ದಿನ ಅವರು ಬರಲಿಲ್ಲ. ಆರನೆಯ ದಿನ ಬೆಳಿಗ್ಗೆ ನಾನು ಬಟ್ಟೆ ಒಣಗಿಸುವಾಗ ಅಕ್ಕ ಗೋಡೆ ಹಿಡಿದುಕೊಂಡು ಬಂದು ನಿಂತರು. ಅಷ್ಟು ದೂರ ನಡೆದದ್ದಕ್ಕೇ ಏದುಸಿರು. ತಲೆಯ ಬಟ್ಟೆಯೊಳಗೆ ಕೂದಲಿಲ್ಲದ ಹಣೆ ದೊಡ್ಡದಾಗಿ ಕಾಣುತ್ತಿತ್ತು.

"ಟೀಚರ್, ನೀವು ಅವರಿಗೆ ಎಂತ ಹೇಳಿದ್ದು?"

ನಾನು ಹೇಳಿದ್ದನ್ನು ಹೇಳಿದೆ. ಅವರು ಕೇಳಿಸಿಕೊಂಡರು.

"ಅದು ನನಗೂ ಗೊತ್ತುಂಟು. ನಾಲಗೆ ನನ್ನದೇ ಅಲ್ವಾ" ಎಂದರು. ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದರು. "ನನಗೆ ಕಾಫಿ ಸಿಗದಿದ್ರೆ ಅಡ್ಡಿಲ್ಲ. ಮದುವೆಯಾಗಿ ಮೂವತ್ತೊಂದು ವರ್ಷ. ನಾವು ಒಟ್ಟಿಗೆ ಇದ್ದದ್ದು ಎಲ್ಲ ಸೇರಿಸಿದ್ರೂ ಏಳು ವರ್ಷ ಆಗ್ಲಿಕ್ಕಿಲ್ಲ. ಈಗ ದಿನಾ ಬೆಳಿಗ್ಗೆ ನನ್ನ ಮುಖ ನೋಡಿ ಹೇಗುಂಟು ಅಂತ ಕೇಳ್ತಾರೆ. ಅದನ್ನು ನಿಲ್ಲಿಸ್ಬೇಡಿ."

ನನ್ನ ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು. ಅವರು ಬಂದ ಹಾಗೇ ಗೋಡೆ ಹಿಡಿದುಕೊಂಡು ಹೋದರು.

ಅಂದು ಶಾಲೆಯ ಪ್ರಯೋಗಾಲಯದಿಂದ ಥರ್ಮಾಮೀಟರೊಂದನ್ನು ಮುಖ್ಯೋಪಾಧ್ಯಾಯರಲ್ಲಿ ಕೇಳಿ ತಂದೆ. ಸಂಜೆ ಅವರ ಮನೆಗೆ ಹೋದಾಗ ಕಾಕ ಅಡಿಗೆಮನೆಯ ಸ್ಟೂಲಿನಲ್ಲಿ ಕೂತು, ಗೆರಸೆಯಲ್ಲಿ ಬೀಜ ಹರಡಿ, ಹುಳುಕು ಆರಿಸುತ್ತಿದ್ದರು. ಕ್ಷಮಿಸಿ ಎಂದು ಹೇಳಲು ಬಂದವಳು ನಾನು. ಬಾಯಿಗೆ ಬರಲಿಲ್ಲ. ಥರ್ಮಾಮೀಟರ್ ಮುಂದಿಟ್ಟು, ನೀರು ಎಷ್ಟು ಡಿಗ್ರಿ ಬಿಸಿಯಿದ್ದರೆ ಕಹಿ ಕಡಿಮೆ ಎಂದು ಇದರಲ್ಲಿ ನೋಡುವ ಎಂದೆ.

ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ನೀವು ಹೇಳಿದ್ದು ಸರಿ ಟೀಚರೇ. ಆದ್ರೆ ಸರಿ ಇದ್ದದ್ದನ್ನು ಇಟ್ಕೊಂಡು ನಾನೆಂತ ಮಾಡುದು?"

ಇಬ್ಬರೂ ಕೂತು ಬೀಜ ಆರಿಸಿದೆವು.

ನೀರಿನ ಬಿಸಿ ಇಳಿಸಿದ ಹಾಗೆ ಕಹಿ ಇಳಿಯುತ್ತಿತ್ತು. ತೊಂಬತ್ತಕ್ಕಿಂತ ಎಂಬತ್ತು ಮೇಲು, ಎಂಬತ್ತಕ್ಕಿಂತ ಎಪ್ಪತ್ತು. ಆದರೆ ಬಿಸಿ ಎಷ್ಟೇ ಇರಲಿ, ಹಬೆಯ ವಾಸನೆ ಅಕ್ಕನಿಗೆ ಆಗುತ್ತಿರಲಿಲ್ಲ. ಬಿಸಿಯೇ ಬೇಡದಿದ್ದರೆ ಎಂದು ಕಾಕ ಕೇಳಿದರು. ಮೊದಲು ಅರೇಬಿಕವನ್ನು ತಣ್ಣೀರಲ್ಲಿ ನೆನೆಸಿ ನೋಡಿದರು. ವಾಸನೆ ಇಲ್ಲ, ಕಬ್ಬಿಣವೂ ಅಷ್ಟಿಲ್ಲ. ಆದರೆ ನೀರು ಕುಡಿದ ಹಾಗೆ ಎಂದರು ಅಕ್ಕ. ಕೊನೆಗೆ ಮತ್ತೆ ಅರಂತೋಡಿನ ಬೀಜಕ್ಕೇ ಬಂದರು. ಈ ಸಲ ಕಪ್ಪಗೆ ಹುರಿಯಲಿಲ್ಲ, ಗೋಡಂಬಿ ಕೆಂಪಗಾಗುವಷ್ಟೇ. ಇಡ್ಲಿ ರವೆಯ ಹಾಗೆ ತರಿಯಾಗಿ ಕುಟ್ಟಿ, ಮಣ್ಣಿನ ಪಾತ್ರೆಯಲ್ಲಿ ತಣ್ಣೀರು ಹಾಕಿ ಸಂಜೆ ಮುಚ್ಚಿಟ್ಟು, ಬೆಳಿಗ್ಗೆ ಎರಡು ಮಡಿಕೆ ಬಟ್ಟೆಯಲ್ಲಿ ಹಿಂಡದೆ ಸೋಸಿದರು. ಬೆರಳ ತುದಿಯಷ್ಟು ಬೆಲ್ಲ.

ಅದು ಆದಿತ್ಯವಾರ. ನಾನೂ ಅಲ್ಲಿದ್ದೆ. ಅಕ್ಕ ಒಂದು ಗುಟುಕು ಕುಡಿದರು. ತಲೆ ಅಲ್ಲಾಡಿಸಲಿಲ್ಲ. ಇನ್ನೊಂದು ಗುಟುಕು ಕುಡಿದರು. ಕಾಕ ಬಗ್ಗಿದ್ದವರು ಹಾಗೇ ಇದ್ದರು.

"ಉಮ್ಮನ ಕಾಫಿಯ ಹಾಗೆ ಇಲ್ಲ" ಎಂದರು ಅಕ್ಕ. "ಆದ್ರೆ ಕಾಫಿ."

ಅರ್ಧ ಲೋಟ ಹೋಯಿತು. ಕಾಕ ಒಳಗೆ ಹೋಗಿ ನಳ್ಳಿ ತಿರುಗಿಸಿ ಮುಖ ತೊಳೆಯುವ ಸದ್ದು ಬಹಳ ಹೊತ್ತು ಕೇಳಿತು.

ಆ ಕಾಫಿ ಅಕ್ಕನಿಗೆ ಸುಮಾರು ಎರಡು ತಿಂಗಳು ಇಳಿಯಿತು. ಅದರ ಜೊತೆ ಎರಡು ರಸ್ಕು, ಕೆಲವೊಮ್ಮೆ ಅಕ್ಕಿರೊಟ್ಟಿಯಂಥ ಪತ್ತಿರ್ ಒಂದು ತುಂಡು. ಮುಖಕ್ಕೆ ಸ್ವಲ್ಪ ಬಣ್ಣ ಬಂತು ಎಂದು ನಾವೆಲ್ಲ ಹೇಳಿಕೊಂಡೆವು. ಕಾಕ ಅದೇ ರೀತಿಯನ್ನು ಮಂಗಳೂರಿನ ವಾರ್ಡಿನಲ್ಲಿ ಪಕ್ಕದ ಮಂಚದವರಿಗೂ ಹೇಳಿಕೊಟ್ಟು ಬಂದರು. ಒಬ್ಬರಿಗೆ ಇಳಿಯಿತಂತೆ, ಇನ್ನೊಬ್ಬರಿಗೆ ಇಲ್ಲವಂತೆ. ಅವರ ನಾಲಗೆ ಬೇರೆ, ಅವರಿಗೆ ಬೇರೆ ಬೀಜ ನೋಡಬೇಕು ಎಂದು ಚಿಂತೆ ಮಾಡುತ್ತಿದ್ದರು.

ಆಮೇಲೆ ಕಾಯಿಲೆ ಯಕೃತ್ತಿಗೆ ಹೋಯಿತು. ದೀಪಾವಳಿ ರಜೆಯಲ್ಲಿ ನಾನು ಊರಿಗೆ ಹೋಗಿದ್ದಾಗ ಅಕ್ಕ ತೀರಿಹೋದರು. ನಾನು ಬರುವಾಗ ಎಲ್ಲ ಮುಗಿದಿತ್ತು. ಕಾಕ ಜಗಲಿಯಲ್ಲಿ ನಿಂತಿದ್ದರು. ಬಂದವರೆಲ್ಲ ಕೂತಿದ್ದರು, ಅವರೊಬ್ಬರೇ ನಿಂತಿದ್ದರು.

ಕೆಲವು ತಿಂಗಳಿಗೆ ಮಗಳು ಬಂದು ಅವರನ್ನು ಕಡಬಕ್ಕೆ ಕರೆದುಕೊಂಡು ಹೋದಳು. ಮನೆ ಬಾಡಿಗೆಗೆ ಹೋಯಿತು. ನನಗೆ ಆಗೊಮ್ಮೆ ಈಗೊಮ್ಮೆ ಮೊಬೈಲಿನಲ್ಲಿ ದನಿ ಸಂದೇಶ ಕಳಿಸುತ್ತಿದ್ದರು. ಮಕ್ಕಳ ಪರೀಕ್ಷೆ ಮುಗಿಯಿತಾ, ಅಂಚೆಯವರ ಕಾಲುನೋವು ಹೇಗುಂಟು ಎಂದು. ಕಾಫಿಯ ಮಾತು ಇರುತ್ತಿರಲಿಲ್ಲ.

ವರ್ಷದ ಮೇಲೆ, ಸುಬ್ರಹ್ಮಣ್ಯಕ್ಕೆ ಹೋಗಿದ್ದವಳು ಅಲ್ಲಿಂದ ಕಡಬಕ್ಕೆ ಹೋಗಿ ಅವರನ್ನು ನೋಡಿ ಬಂದೆ. ತೆಳ್ಳಗಾಗಿದ್ದರು. ಎರಡು ಕೈಗಳೂ ಈಗ ಒಂದೇ ಹಾಗೆ ಕಾಣುತ್ತಿದ್ದವು. ಮಗಳು ಅಂಗಡಿಗೆ ಹೋಗಿದ್ದಳು. ನಾನು ಕೇಳದೆಯೇ ಅವರು ಆ ಕೊನೆಯ ಬೆಳಗಿನ ವಿಷಯ ತೆಗೆದರು. ಯಾರಲ್ಲಿಯೂ ಹೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಅಂದು ಅಕ್ಕನಿಗೆ ನೀರೂ ಇಳಿಯುತ್ತಿರಲಿಲ್ಲವಂತೆ. ಆದರೂ ಇವರು ಕಾಫಿ ಸೋಸಿ ಲೋಟ ಹಿಡಿದು ಹೋಗಿ ನಿಂತರಂತೆ. ಕೂತುಕೊಳ್ಳಿ ಎಂದರಂತೆ ಅಕ್ಕ. ಇವರು ಮಂಚದ ಅಂಚಿನಲ್ಲಿ ಕೂತರು. ಇವತ್ತು ನೀವು ಕುಡಿಯಿರಿ, ನಾನು ನೋಡುತ್ತೇನೆ ಎಂದರು ಅಕ್ಕ. ಇವರು ಕುಡಿದರು. ಅಕ್ಕ ಇವರ ಮುಖ ನೋಡುತ್ತ ಕೇಳಿದರು, ಹೇಗುಂಟು ಎಂದು.

ನೀವೆಂತ ಹೇಳಿದಿರಿ ಎಂದು ನಾನು ಕೇಳಿದೆ.

"ನೀರು ಸ್ವಲ್ಪ ಹೆಚ್ಚಾಯ್ತು, ನಾಳೆ ಸರಿ ಮಾಡ್ತೇನೆ ಅಂತ ಹೇಳಿದೆ" ಎಂದರು. "ಅವಳು ಕೇಳಿದ್ದು ಅದನ್ನಲ್ಲ ಟೀಚರೇ. ನನಗೆ ಗೊತ್ತಾಗುವಾಗ ಅವಳನ್ನು ಮಂಗಳೂರಿಗೆ ಕೊಂಡುಹೋಗುವ ಆಂಬುಲೆನ್ಸು ಪುತ್ತೂರು ದಾಟಿತ್ತು."

ನಾನು ಅವರ ಕೈ ಹಿಡಿದುಕೊಂಡೆ. ನನ್ನ ಆವತ್ತಿನ ಮಾತಿಗೆ ಕ್ಷಮೆ ಕೇಳಬೇಕಾದದ್ದು ಆಗಲೇ. ಮಗಳು ಬಂದಳು, ಮಾತು ಬೇರೆ ಕಡೆ ಹೋಯಿತು, ನನಗೆ ಬಸ್ಸಿಗೆ ಹೊತ್ತಾಯಿತು.

ಈ ವರ್ಷ ಬಕ್ರೀದ್ ಹಬ್ಬ ಕಳೆದು ಒಂದು ತಿಂಗಳಾಗಿರಬಹುದು. ಎರಡನೆಯ ಪೀರಿಯಡ್ ಮುಗಿಸಿ ಬರುವಾಗ ಕಾಕನ ಮಗಳ ಫೋನು. ಬೆಳಿಗ್ಗೆ ನಮಾಜಿಗೆ ಎದ್ದವರು ಅಲ್ಲೇ ಒರಗಿದರಂತೆ. ರಜೆ ಬರೆದಿಟ್ಟು, ಎರಡು ಬಸ್ಸು ಬದಲಿಸಿ ಕಡಬ ಮುಟ್ಟುವಾಗ ಮಧ್ಯಾಹ್ನದ ನಮಾಜು ಆಗಿ ದಫನವೂ ಮುಗಿದಿತ್ತು. ಮಗಳು ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ಅಳಿಯ ನನ್ನನ್ನು ಮಸೀದಿಯ ರಸ್ತೆಗೆ ಕರೆದುಕೊಂಡು ಹೋಗಿ, ಕಬರಸ್ಥಾನದ ಗೋಡೆಯ ಹೊರಗೆ ನಿಂತು, ಅಗೋ ಆ ಹೊಸ ಮಣ್ಣು ಎಂದು ಕೈ ತೋರಿಸಿದ. ನಡುವೆ ಒಂದು ನೇರಳೆ ಮರದ ಕೊಂಬೆ ಅಡ್ಡ ಬಂದಿತ್ತು. ಅರ್ಧ ಮಾತ್ರ ಕಂಡಿತು. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿದೆ. ಅದು ಹೇಳಿದ ಹಾಗೆ ಆಗುವುದಿಲ್ಲ ಎಂದೂ ಗೊತ್ತಿತ್ತು.

ಹಿಂದೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ನನ್ನ ಕಣ್ಣು ನೋಡಿರಬೇಕು. ಎಂತ ಆಯಿತು, ಎಲ್ಲಿಗೆ ಹೋದದ್ದು ಎಂದು ವಿಚಾರಿಸಿದರು. ಒಬ್ಬರು ತೀರಿಹೋದರು ಎಂದೆ. ನಿಮಗೆ ಎಂತ ಆಗಬೇಕು ಅವರು ಎಂದು ಕೇಳಿದರು.

ನೆರೆಮನೆಯವರು ಎಂದೆ. ಅವರಿಗೆ ಅಷ್ಟು ಸಾಕಾಯಿತು.